ಬ್ರೇಕಿನ ಕೂಗೂ ನಮ್ಮ ಮನೆಯ ಅನುಮಾನವೂ

ಮೊದಲಿಗೇ ಒಂದು ಅರಿಕೆ. ನಾನು ಯಂತ್ರಗಳನ್ನು ಬಲ್ಲವನಲ್ಲ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗನೆಂಬುದು ನಿಜವಾದರೂ ಆ ಪದವಿ ಇತಿಹಾಸದ್ದು. ಆದ್ದರಿಂದ ಮೋಟಾರಿನ ಭಾಗಗಳ ವಿವರಣೆ ಅಲ್ಲಲ್ಲಿ ಹೆಚ್ಚುಕಡಿಮೆಯಾಗಿರಬಹುದು. ಭಾಷೆಯ ವಿಷಯದಲ್ಲಿಯೂ ನನಗೆ ಅಷ್ಟೇನೂ ಧೈರ್ಯವಿಲ್ಲ. ನನ್ನಂಥವನು ಶುದ್ಧವಾಗಿ ಬರೆಯಬೇಕೆಂದು ಕುಳಿತಾಗ, ಗಂಜಿ ಹೆಚ್ಚಾದ ಅಂಗಿಯಂತೆ ವಾಕ್ಯಗಳು ಸೆಟೆದು ನಿಲ್ಲುವುದುಂಟು. ಓದುವವರು ದಯವಿಟ್ಟು ತುಸು ನೀರು ಚಿಮುಕಿಸಿಕೊಂಡು ಓದಬೇಕು.

ವಿಷಯವಾದರೂ ದೊಡ್ಡದಲ್ಲ. ನನಗೊಂದು ಅಭ್ಯಾಸವಿದೆ. ಬಸ್ಸಿನಲ್ಲಿ ಕುಳಿತಿರುವಾಗ ಬ್ರೇಕು ಕಿರ್ರೆಂದು ಕೂಗಿದರೆ ಉಳಿದವರು ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಾರೆ. ನಾನು ಚಾಲಕನ ಕತ್ತಿನ ಹಿಂಭಾಗವನ್ನು ನೋಡತೊಡಗುತ್ತೇನೆ. ಈತ ನಂಬತಕ್ಕವನೇ? ಚಕ್ರದೊಳಗೆ ಏನು ಹಾಕಿಸಿದ್ದಾನೆ? ಕೂಗು ಕೇಳದಿದ್ದರೆ ನನ್ನ ಆತಂಕ ಇನ್ನೂ ಹೆಚ್ಚು. ಒಮ್ಮೆ ನಾನು ಹೀಗೆ ಕತ್ತು ಚಾಚಿ ಕುಳಿತಿದ್ದಾಗ ನನ್ನ ಪತ್ನಿ ಸೆರಗಿನ ಮರೆಯಲ್ಲಿ, "ಕಂಡಕ್ಟರು ನಿಮ್ಮನ್ನೇ ನೋಡ್ತಾವ್ನೆ, ಟಿಕೇಟು ತಕ್ಕಂಡಿಲ್ಲ ಅಂದ್ಕತಾನೆ, ನೆಟ್ಟಗೆ ಕುಂತ್ಕಳಿ" ಎಂದು ಗದರಿದಳು. ನೆಟ್ಟಗೆ ಕುಳಿತೆ. ಆದರೆ ಕಿವಿಯನ್ನು ನೆಟ್ಟಗೆ ಕೂರಿಸುವುದು ಹೇಗೆ? ಅದು ನನಗೆ ನಮ್ಮ ತಂದೆಯವರಿಂದ ಬಂದ ಆಸ್ತಿ.

ಹೊಳೆನರಸೀಪುರದಲ್ಲಿ ನಮ್ಮದು ಬೇಸಾಯದ ಜೊತೆಗೆ ಬಾಡಿಗೆಗೆ ಎತ್ತಿನ ಗಾಡಿ ಕಟ್ಟುತ್ತಿದ್ದ ಮನೆ. ಹಾಸನದ ಸಂತೆಗೆ ಅಕ್ಕಿ, ಅರಕಲಗೂಡಿನಿಂದ ಹೊಗೆಸೊಪ್ಪು, ಚನ್ನರಾಯಪಟ್ಟಣದ ಕಡೆಯಿಂದ ತೆಂಗಿನಕಾಯಿ, ಹೀಗೆ ತಂದೆಯವರ ಗಾಡಿಗಳು ತಿರುಗುತ್ತಿದ್ದವು. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಅದು ಯಾರದು, ಹೇರಿದೆಯೋ ಬರಿದೋ ಎಂಬುದನ್ನು ಗಾಲಿಯ ಸದ್ದಿನಿಂದ ತಿಳಿಯಬಲ್ಲವರು ಅವರು. ಕಿರುಗುಟ್ಟುವ ಗಾಲಿಯನ್ನಂತೂ ಸಹಿಸುತ್ತಲೇ ಇರಲಿಲ್ಲ. ಅದು ಯಜಮಾನನ ಸೋಮಾರಿತನವನ್ನು ಊರಿಗೆಲ್ಲ ಸಾರುತ್ತದೆ ಎನ್ನುವರು.

ಅನುಮಾನವೆಂಬುದು ಅವರಿಗೆ ಊಟದ ಉಪ್ಪಿನಷ್ಟು ಅವಶ್ಯಕವಾಗಿತ್ತು. ನೆಂಟರು ಹೊತ್ತಿಗೆ ಮುಂಚೆ ಬಂದರೆ ಏನನ್ನೋ ಬಯಸಿ ಬಂದರೆಂದೂ, ತಡವಾಗಿ ಬಂದರೆ ಬೇರೆಲ್ಲೋ ಉಂಡು ಬಂದರೆಂದೂ ಅವರ ತೀರ್ಮಾನ. ಮೈಸೂರಿನಲ್ಲಿ ನನ್ನ ಪದವಿಪ್ರದಾನ ಮುಗಿದು, ಕರಿಯ ನಿಲುವಂಗಿಯಲ್ಲಿ ತೆಗೆಸಿದ ಭಾವಚಿತ್ರವನ್ನು ತಂದು ತೋರಿಸಿದಾಗ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಈ ಗೌನು ಎಲ್ಲೈತೆ?" ಎಂದರು. ಬಾಡಿಗೆಯದಾದ್ದರಿಂದ ಹಿಂದಿರುಗಿಸಿದೆನೆಂದು ವಿವರಿಸಿದೆ.

"ಗೌನು ವಾಪಸ್ ಇಸ್ಕಂಡ್ರು ಅಂದ್ಮೇಲೆ, ಬಿ.ಎ.ನೂ ಇಸ್ಕಂಡ್ರಾ ಎಂಗೆ?"

ಕೇಳಿದ್ದು ಹಾಸ್ಯಕ್ಕಲ್ಲ. ಪದವಿ ಬಂದು ತಿಂಗಳುಗಳಾದರೂ ನನಗೆ ಕೆಲಸ ದೊರೆತಿರಲಿಲ್ಲವಾದ್ದರಿಂದ, ಅವರ ಸಂಶಯಕ್ಕೆ ಆಧಾರವಿಲ್ಲವೆಂದು ನಾನೂ ಹೇಳಲಾರದಾಗಿದ್ದೆ.

ಅರವತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ಬಸ್ಸುಗಳು ಹೆಚ್ಚಿ, ಗಾಡಿಯ ಬಾಡಿಗೆ ಇಳಿಮುಖವಾದಾಗ ತಂದೆಯವರು ಗಾಡಿಗಳನ್ನು ಮಾರಿ, ಕಾಫಿ ತೋಟದ ಮಾಲೀಕರೊಬ್ಬರು ಓಡಿಸಿ ಬೇಸತ್ತಿದ್ದ ಹಳೆಯ ವಿಲಾಯತಿ ಕಾರೊಂದನ್ನು ಕೊಂಡರು. ಹೊಳೆನರಸೀಪುರ–ಹಾಸನದ ನಡುವೆ ಬಾಡಿಗೆಗೆ ಬಿಡುವುದೆಂದು ಏರ್ಪಾಡಾಯಿತು. ಓಡಿಸುವವರು ನನ್ನ ಸೋದರಮಾವ, ಬಾಗೂರಿನ ನಂಜೇಗೌಡರು. ನಮ್ಮ ತಾಯಿಗೆ ಒಬ್ಬನೇ ತಮ್ಮ. ಲಾರಿ ಓಡಿಸಿ ಪಳಗಿದ್ದರು. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ವಾರವೆಲ್ಲ ನಮ್ಮ ಮನೆಯ ಜಗುಲಿಯಲ್ಲೇ ಮಲಗಿ, ಬಿಡುವು ಸಿಕ್ಕಾಗ ಬಾಗೂರಿಗೆ ಹೋಗಿ ಬರುತ್ತಿದ್ದರು. ನನ್ನ ತಂಗಿ ಜಯಳನ್ನು ಮಾವನ ಹಿರಿಯ ಮಗನಿಗೆ ಕೊಡುವುದೆಂದು ಆಕೆ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಆ ವರ್ಷ ವೀಳ್ಯಶಾಸ್ತ್ರವೂ ಮುಗಿದು, ಬೇಸಿಗೆಗೆ ಮದುವೆಯೆಂದು ನಿಶ್ಚಯವಾಗಿತ್ತು. ಜಯಳಿಗೆ ಈ ಸಂಬಂಧ ಇಷ್ಟವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಗೂರಿನ ಮಾತು ಬಂದಾಗಲೆಲ್ಲ ಆಕೆ ಅವಶ್ಯವಿಲ್ಲದಿದ್ದರೂ ನೀರು ತರಲು ಹೊರಡುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಮಾವ ಹಾಸನದಲ್ಲಿ ಕಾರಿಗೆ ಹೊಸ ಬ್ರೇಕ್ ಲೈನರು ಹಾಕಿಸಿದರು. ಚಕ್ರದ ಒಳಗಡೆ ಉಕ್ಕಿನ ಡ್ರಮ್ಮೊಂದಿರುತ್ತದೆ. ಬ್ರೇಕು ಒತ್ತಿದಾಗ ಅದನ್ನು ಒಳಗಿನಿಂದ ಉಜ್ಜಿ ನಿಲ್ಲಿಸುವ ಗಡಸು ಪಟ್ಟಿಯೇ ಲೈನರು. ಹೊಸದು ಹಾಕಿದ ಮರುದಿನದಿಂದಲೇ ಕಾರು ಕೂಗತೊಡಗಿತು. ಎಂಥ ಕೂಗು! ಪೇಟೆ ಬೀದಿಯಲ್ಲಿ ನಿಲ್ಲಿಸಿದರೆ ಅಂಗಡಿಯವರು ಎದ್ದು ನೋಡುವರು. ಎದುರುಮನೆಯ ಹಿರಿಯರಾದ ಸಿಂಗ್ರಿಗೌಡರು, "ಚೌಡೇಗೌಡ, ನಿನ್ ಕಾರು ಯಾವಾಗ ಈಯ್ತದೆ? ಗಿಣ್ಣು ಆದಾಗ ನಮಗೂ ಒಂದು ಲೋಟ ಕಳ್ಸು" ಎಂದು ಜಗುಲಿಯಿಂದಲೇ ಕೂಗಿದರು. ತಂದೆಯವರಿಗೆ ಅವಮಾನ ನೆತ್ತಿಗೇರಿತು.

"ಲೇ ನಂಜ, ಏನ್ಲಾ ಇದು? ಒಸಾದು ಆಕ್ಸಿದೀನಿ ಅಂತೀಯ. ಒಸಾದು ಇಂಗೆ ಅಳ್ತದಾ?"

ಮಾವ ಜಾಕಿಯಿಂದ ಚಕ್ರವನ್ನು ಎತ್ತಿ, ಡ್ರಮ್ಮನ್ನು ಕಳಚಿ, ಒಳಗಿನ ದೂಳನ್ನು ಊದಿ, ಸ್ಪ್ಯಾನರಿನಿಂದ ಡ್ರಮ್ಮಿಗೆ ತಟ್ಟಿ ಕಿವಿಗೊಟ್ಟರು. ಆಮೇಲೆ ಲೈನರಿನ ಅಂಚನ್ನು ಅರದಿಂದ ಉಜ್ಜುತ್ತ ಹೇಳಿದರು: "ಡ್ರಮ್ಮು ಅಳೇದು, ಲೈನರು ಒಸಾದು. ಮದ್ವೆ ಆದ ಒಸದ್ರಲ್ಲಿ ಜಗಳ ಆಡಾಕಿಲ್ವಾ ಬಾವ? ಅಂಗೇ ಇದೂವೆ. ದಿನಾ ಕಳದ್ರೆ ಒಗ್ಗೋಯ್ತದೆ."

"ನಿಮ್ಮಕ್ಕ ಇನ್ನೂ ಒಗ್ಗಿಲ್ವಲ್ಲಲಾ."

"ಅಂಗಾದ್ರೆ ನಿಮ್ಮ ಡ್ರಮ್ಮೇ ಸರಿ ಇಲ್ಲ ಬುಡಿ ಬಾವ."

ಅಡುಗೆಮನೆಯಲ್ಲಿ ನಮ್ಮ ತಾಯಿ ನಕ್ಕದ್ದು ಕೇಳಿಸಿತು. ತಂದೆಯವರು ನಗಲಿಲ್ಲ. ಆ ನಗೆಯೇ ಅವರಿಗೆ ಮೊದಲ ಸಾಕ್ಷ್ಯವಾಗಿ ಕಂಡಿತೆಂದು ಈಗ ನನಗೆ ತೋರುತ್ತದೆ: ಅಕ್ಕ, ತಮ್ಮ ಇಬ್ಬರೂ ಒಂದು.

ಕೆಲವು ದಿನಗಳಲ್ಲಿ ಕೂಗು ತಾನಾಗಿಯೇ ನಿಂತಿತು. ಮಾವ ಗೆದ್ದವರಂತೆ, "ನೋಡುದ್ರಾ ಬಾವ? ನಾನು ಅಂಚು ಉಜ್ಜಿದ್ದು, ಒಗ್ಗೋಯ್ತು" ಎಂದರು. ತಂದೆಯವರು ಮೀಸೆಯ ಕೆಳಗೆ ವಿಚಿತ್ರವಾಗಿ ನಕ್ಕು, "ಊಂ ಕಣಪ್ಪ, ನೀನೇ ಸರಿ ಮಾಡ್ದೆ" ಎಂದಷ್ಟೇ ಹೇಳಿದರು. ಆ ನಗುವಿನ ಅರ್ಥ ನಮಗಾರಿಗೂ ಆಗ ಆಗಲಿಲ್ಲ. ಆದರೆ ಅಂದಿನಿಂದ ಅವರು ಮಾವನ ಮೇಲೆ ಇಟ್ಟ ಕಣ್ಣನ್ನು ತೆಗೆಯಲಿಲ್ಲ. ಮಾವ ಉಣ್ಣುವಾಗ, ಕಾರು ತೊಳೆಯುವಾಗ, ಬೀಡಿ ಹಚ್ಚುವಾಗ ಕೂಡ ಅವರ ದೃಷ್ಟಿ ಹಿಂದೆಯೇ ಇರುತ್ತಿತ್ತು.

ಅನಂತರ ಇನ್ನೊಂದು ತೊಡಕು ಉಂಟಾಯಿತು. ಕೂಗು ನಿಂತ ಬ್ರೇಕು ಕಾರನ್ನು ನಿಲ್ಲಿಸುವುದನ್ನೂ ನಿಲ್ಲಿಸತೊಡಗಿತು. ಒಂದು ಸಂಜೆ ಮಾವ ಮುಖ ಸಣ್ಣದು ಮಾಡಿಕೊಂಡು, "ಬಾವ, ಬ್ರೇಕು ಇಡೀತಿಲ್ಲ. ಒತ್ತುದ್ರೆ ಜಾರ್ತದೆ. ಬಿಚ್ಚಿ ನೋಡ್ಬೇಕು" ಎಂದರು. ತಂದೆಯವರು ನನ್ನನ್ನು ಹಿತ್ತಿಲಿಗೆ ಕರೆದೊಯ್ದರು.

"ಗೊತ್ತಾಯ್ತೇನ್ಲಾ? ಒಸಾ ಲೈನರ್ನ ಆಸನದಾಗೆ ಯಾರಿಗೋ ಮಾರ್ಕಂಡು, ಅಳೇದ್ನೇ ತಿರುಗಿಸಿ ಬಡ್ದವ್ನೆ. ಅದ್ಕೇ ಮೊದ್ಲು ಕೂಗ್ತಾ ಇತ್ತು, ಈಗ ಸತ್ತೋಯ್ತು."

"ಮಾವ ಹಾಗೆ ಮಾಡುವವರಲ್ಲ" ಎಂದೆ.

"ನೀನು ಬಿ.ಎ. ಓದಿರೋನು. ಓದಿರೋರು ಯಾರ್ನೂ ನಂಬಬಾರ್ದು ಅಂತ ಯೋಳ್ಕೊಡ್ಲಿಲ್ವಾ? ನಾಳೆ ಅವನ ಜತೇಲಿ ಓಗು. ಎಲ್ಲಿ ನಿಲ್ಲಿಸ್ತಾನೆ, ಯಾರ ತಾವ ಮಾತಾಡ್ತಾನೆ, ನೋಡ್ಕಂಡು ಬಾ."

ಮೌರ್ಯರ ಕಾಲದ ಗೂಢಚಾರ ವ್ಯವಸ್ಥೆಯ ಬಗ್ಗೆ ಪರೀಕ್ಷೆಯಲ್ಲಿ ನಾನು ದೀರ್ಘವಾದ ಉತ್ತರ ಬರೆದಿದ್ದೆ. ಆ ವಿದ್ಯೆ ಉಪಯೋಗಕ್ಕೆ ಬಂದ ಏಕೈಕ ಸಂದರ್ಭ ಇದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೇಮಕಾತಿಯ ವಿಚಾರಣೆಗಾಗಿ ಹಾಸನಕ್ಕೆ ಹೋಗಬೇಕಾಗಿದೆಯೆಂದು ಹೇಳಿ ಮುಂದಿನ ಸೀಟಿನಲ್ಲಿ ಕುಳಿತೆ. ಮಾವ ಒಮ್ಮೆ ಓರೆನೋಟದಿಂದ ನೋಡಿ, "ಏನಳಿಮಯ್ಯ, ನಿಮ್ಮಪ್ಪ ಕಳಿಸುದ್ರಾ?" ಎಂದರು. ಗೂಢಚಾರನ ಗುಟ್ಟು ಊರ ಗಡಿ ದಾಟುವ ಮೊದಲೇ ಬಯಲಾಯಿತು. ಇಲ್ಲವೆಂದೆ. ಮಾವ ನಕ್ಕು ಗೇರು ಹಾಕಿದರು.

ಹೋಗುವಾಗ ಏನೂ ಆಗಲಿಲ್ಲ. ಹಾಸನದಲ್ಲಿ ಅವರು ಚಹ ಕುಡಿದರು. ಚಹ ಕುಡಿಸಿದವನ ಮುಖವನ್ನು ನಾನು ಗಮನವಿಟ್ಟು ನೋಡಿದೆ. ಅವರು ಇನ್ನೊಬ್ಬ ಡ್ರೈವರಿನ ಹೆಗಲ ಮೇಲೆ ಕೈಹಾಕಿ ಪಿಸುಗುಟ್ಟಿದರು. ಕಿವಿಗೊಟ್ಟಾಗ ಜಯಳ ಮದುವೆಗೆ ಬರಬೇಕೆಂದು ಆಹ್ವಾನಿಸುತ್ತಿದ್ದುದು ತಿಳಿಯಿತು. ನನಗೆ ನಾಚಿಕೆಯಾಗಬೇಕಾಗಿತ್ತು. ಬದಲಾಗಿ, ನಾನು ಕೇಳುತ್ತಿದ್ದೇನೆಂದು ತಿಳಿದೇ ಮಾತು ಬದಲಿಸಿದರೇನೋ ಎನ್ನಿಸಿತು. ಅನುಮಾನದ ಗುಣವೇ ಅಂಥದು, ಸಿಕ್ಕಿದ್ದನ್ನೆಲ್ಲ ಮೇಯುತ್ತದೆ.

ಹಿಂದಿರುಗುವಾಗ ಕಾರಿನ ತುಂಬ ಜನ. ನನ್ನ ಬೆನ್ನ ಹಿಂದೆ ಕೋಳಿ ಬುಟ್ಟಿಯೊಂದಿಗೆ ಒಬ್ಬ ಹೆಂಗಸು ಕುಳಿತಿದ್ದಳು. ನಮ್ಮ ಊರು ಹತ್ತಿರವಾಗಿ, ರಸ್ತೆ ಹೊಳೆಯ ಕಡೆಗೆ ಇಳಿಯುವಲ್ಲಿ, ಎದುರಿಗೆ ಕುರಿಮಂದೆ ಅಡ್ಡ ಬಂತು. ಮಾವ ಬ್ರೇಕು ಒತ್ತಿದರು. ಕಾರು ನಿಲ್ಲಲಿಲ್ಲ. ಮತ್ತೆ ಒತ್ತಿದರು. ಅವರ ಮುಖದ ನಗು ಹೋದುದನ್ನು ನಾನು ನೋಡಿದ್ದು ಅದೇ ಮೊದಲು. ಗೇರನ್ನು ಇಳಿಸಿ, ಕೈಬ್ರೇಕನ್ನು ಜಗ್ಗಿ, "ಇಡ್ಕಳ್ರಪ್ಪೋ!" ಎಂದು ಕೂಗಿ, ರಸ್ತೆ ಬದಿಯ ಕಣದಲ್ಲಿದ್ದ ರಾಗಿಹುಲ್ಲಿನ ಮೆದೆಗೆ ಕಾರನ್ನು ನುಗ್ಗಿಸಿದರು. ಕುರಿಗಳೂ ಉಳಿದವು, ನಾವೂ ಉಳಿದೆವು. ಕೋಳಿಗಳು ಮಾತ್ರ ಬಂಧಮುಕ್ತವಾದವು. ಹುಲ್ಲಿನ ಚೂರುಗಳನ್ನು ತಲೆಯ ಮೇಲೆ ಹೊತ್ತುಕೊಂಡೇ ಆ ಹೆಂಗಸು, "ನಿನ್ ಕಾರಿಗೆ ಬೆಂಕಿ ಬೀಳ! ನನ್ ಉಂಜ ಇಡ್ಕೊಡ್ಲಾ ಮೊದ್ಲು!" ಎಂದು ಅಬ್ಬರಿಸಿದಳು. ಪದವೀಧರನಾದ ನಾನು ಕೋಳಿ ಹಿಡಿಯಲು ಹೋದೆ.

ಕೋಳಿ ಹಿಡಿದು ಬಂದು ನೋಡಿದರೆ, ಸೀಟಿನ ಕೆಳಗಿನಿಂದ ಗೋಣಿಚೀಲದ ಗಂಟೊಂದು ಉರುಳಿ ಬಿದ್ದಿತ್ತು. ಬಿಚ್ಚಿದೆ. ಸವೆದ ಲೈನರುಗಳು.

"ಅಳೇವು ಕಣಪ್ಪ" ಎಂದರು ಮಾವ, ಹಣೆ ಒರೆಸಿಕೊಳ್ಳುತ್ತ. "ಇನ್ನೂ ಅರ್ಧ ಬಾಳ್ವೆ ಐತೆ. ಬಿಸಾಕಾಕಾಯ್ತದಾ? ದಾರೀಲಿ ಒಸಾವು ಕೈಕೊಟ್ರೆ ಇವೇ ಗತಿ. ಎಲ್ಲ ಡ್ರೈವರ್ರೂ ಮಡಿಕ್ಕಂಡಿರ್ತಾರೆ."

ನನ್ನ ಮನಸ್ಸು ಹಗುರವಾಯಿತು. ಮನೆಗೆ ಬಂದು ತಂದೆಯವರ ಮುಂದೆ ತರ್ಕಬದ್ಧವಾಗಿ ಮಂಡಿಸಿದೆ: ಹಳೆಯ ಲೈನರುಗಳು ಗಂಟಿನಲ್ಲಿವೆ, ಆದ್ದರಿಂದ ಚಕ್ರದಲ್ಲಿರುವುವು ಹೊಸವು, ಆದ್ದರಿಂದ ಮಾವ ನಿರಪರಾಧಿ. ತಂದೆಯವರು ಕಣ್ಣು ಮುಚ್ಚಿ ಕೇಳಿ, "ಅಂದ್ರೆ ಎರಡು ಜತೆ ಅಳೇವು ಮಡಗವ್ನೆ" ಎಂದರು.

ಮರುದಿನ ಮಧ್ಯಾಹ್ನ ಅಂಗಳದಲ್ಲಿ ಪಂಚಾಯಿತಿ ಸೇರಿತು. ಪಂಚಾಯಿತಿ ಎಂದರೆ ಸಿಂಗ್ರಿಗೌಡರು ಮಾತ್ರ. ಆದರೆ ಅವರು ಹೊದ್ದ ವಲ್ಲಿಯ ಗಾಂಭೀರ್ಯ ನಾಲ್ಕು ಜನಕ್ಕೆ ಸಾಕಾಗುವಂತಿತ್ತು. ತಾಯಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಗಂಡನ ಕಡೆ ನೋಡಲೋ ತಮ್ಮನ ಕಡೆ ನೋಡಲೋ ತಿಳಿಯದೆ ಕೋಳಿಗೂಡಿನ ಕಡೆ ನೋಡುತ್ತಿದ್ದರು. ಅವರ ಹಿಂದೆ ಜಯ. ಮಾವ ಚಕ್ರ ಬಿಚ್ಚಿ ಡ್ರಮ್ಮನ್ನು ತೆಗೆದರು.

ಒಳಗಿದ್ದ ಲೈನರುಗಳು ಕಾಡಿಗೆಯಂತೆ ಕಪ್ಪಾಗಿ, ಗಾಜಿನಂತೆ ಹೊಳೆಯುತ್ತಿದ್ದವು. ನಾನು ಹಾಸನದ ಅಂಗಡಿಗಳಲ್ಲಿ ನೋಡಿದ್ದ ಹೊಸ ಲೈನರಿನ ಮಣ್ಣುಬಣ್ಣದ ಸುಳಿವೇ ಇರಲಿಲ್ಲ. ನನ್ನ ತರ್ಕವೆಲ್ಲ ಕುಸಿಯಿತು. ಮಾವ ಕೂಡ ಬೆಪ್ಪಾಗಿ ನೋಡುತ್ತ ಕುಳಿತರು.

"ಇದು ಒಸಾದೇನ್ಲಾ?" ತಂದೆಯವರ ಧ್ವನಿ ಅನಿರೀಕ್ಷಿತವಾಗಿ ಮೆತ್ತಗಿತ್ತು. "ಸಿಂಗ್ರಣ್ಣ, ನೀನೇ ಯೋಳು. ಇದು ಒಸಾದಾ?"

"ನನ್ ಕಣ್ಣಿಗೆ ನನಗಿಂತ ಅಳೇದು ಕಾಣ್ತದೆ" ಎಂದರು ಸಿಂಗ್ರಿಗೌಡರು.

"ಬಾವ, ನನ್ ಮಕ್ಕಳಾಣೆ, ಇದು ಒಸಾದೇ. ಏನೋ ಎಣ್ಣೆ ಕುಡ್ದೈತೆ. ಎಲ್ಲಿಂದ ಅಂತ ಕಾಣೆ."

"ಬಾಯಾಣೆ ಬ್ಯಾಡ. ದೇವ್ರ ಮುಂದೆ ಕರ್ಪೂರ ಹಚ್ಚಿ, ಅಂಗೈಲಿ ಆರ್ಸಿ ಪ್ರಮಾಣ ಮಾಡು. ಇಲ್ಲಾಂದ್ರೆ ಈ ಬೇಸಿಗೇಲಿ ಮದ್ವೆ ಇಲ್ಲ. ಕಳ್ಳನ ಮನೆಗೆ ನಾನು ಮಗಳ್ನ ಕೊಡಾಕಿಲ್ಲ."

ನಮ್ಮ ಕಡೆ ಕರ್ಪೂರ ಆರಿಸುವುದೆಂದರೆ ಸಣ್ಣ ಮಾತಲ್ಲ. ಒಮ್ಮೆ ಅದು ನಡೆದ ಮೇಲೆ, ಪ್ರಮಾಣ ಮಾಡಿದವನೂ ಮಾಡಿಸಿದವನೂ ಒಂದೇ ಪಂಕ್ತಿಯಲ್ಲಿ ಉಣ್ಣುವುದಿಲ್ಲ. ತಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಪ್ರಮಾಣ ಮಾಡಿದರೆ ತವರು ಹೋಯಿತು. ಮಾಡದಿದ್ದರೆ ಮಗಳ ಮದುವೆ ಹೋಯಿತು.

ಮಾವ ಎದ್ದು ಪೆಟ್ರೋಲಿನ ಡಬ್ಬಿ ತಂದರು.

"ಕರ್ಪೂರ ಯಾಕೆ ಬಾವ? ಇದ್ನೇ ಹಚ್ತೀನಿ. ಗ್ಯಾರೇಜಿನಾಗೆ ಎಣ್ಣೆ ಕುಡ್ದ ಲೈನರ್ನ ಇಂಗೇ ಸುಟ್ಟು ಮತ್ತೆ ಆಕ್ತಾರೆ. ಕುಡ್ದಿದ್ದು ಏನು ಅಂತ ಅದೇ ಕಕ್ತದೆ."

ಲೈನರಿಗೆ ಪೆಟ್ರೋಲು ಸವರಿ, ಅಂಗಳದ ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದರು. ಭಗ್ಗನೆ ಉರಿಯೆದ್ದಿತು. ಪೆಟ್ರೋಲು ಉರಿದು ಹೋದ ಮೇಲೂ ಲೈನರು ಸುಮ್ಮನಾಗಲಿಲ್ಲ. ಚುಯ್ ಚುಯ್ ಎಂದು ಒಳಗಿನಿಂದ ಕಪ್ಪು ನೊರೆ ಉಕ್ಕಿಸಿತು. ದಟ್ಟವಾದ ಹೊಗೆ ಅಂಗಳವನ್ನೆಲ್ಲ ತುಂಬಿತು. ವಾಸನೆ ಮೂಗಿಗೆ ಬಡಿದಾಗ ನನಗೆ ಅದು ಎಲ್ಲೋ ಪರಿಚಿತವೆನಿಸಿತು. ಹೆಸರು ಹೊಳೆಯಲಿಲ್ಲ.

ಹೊಳೆದದ್ದು ಜಯಳಿಗೆ. ಗಂಡಸರ ಪಂಚಾಯಿತಿಯ ನಡುವೆ ಎಂದೂ ಬಾಯಿ ಬಿಡದವಳು ಹೊಸಿಲು ದಾಟಿ ಬಂದು, ಹೊಗೆಯಲ್ಲಿ ಮೂಗು ಅರಳಿಸಿ ನಿಂತಳು.

"ಅಪ್ಪ, ಇದು ಕೀಲೆಣ್ಣೆ ವಾಸ್ನೆ. ನೀವು ನನ್ ಕೈಲಿ ಮಾಡಿಸ್ತಿದ್ರಲ್ಲ, ಅದೇ."



ಕೀಲೆಣ್ಣೆಯನ್ನು ಈಗಿನವರು ನೋಡಿರಲಾರರು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಅಂಡೆಯಲ್ಲಿ ತುಂಬಿ, ಗಾಡಿಯ ಕೆಳಗೆ ನೇತುಹಾಕಿರುತ್ತಿದ್ದರು. ಗಾಡಿ ಹೂಡುವ ಮುನ್ನ ಗಾಲಿಯ ಕೀಲಿಗೆ ಅದನ್ನು ಸವರದವನು ಗಾಡಿಯವನೇ ಅಲ್ಲ. ನಾನು ಚಿಕ್ಕವನಾಗಿದ್ದಾಗ ಅದರಿಂದ ಮೀಸೆ ಬರೆದುಕೊಂಡು ಏಟು ತಿಂದದ್ದುಂಟು. ಗಾಡಿಗಳನ್ನು ಮಾರಿದ ಮೇಲೂ ಮನೆಯಲ್ಲಿ ಕೀಲೆಣ್ಣೆ ತಯಾರಾಗುತ್ತಿದ್ದುದು ಯಾತಕ್ಕೆಂದು ನಾವಾರೂ ಕೇಳಿರಲಿಲ್ಲ. ಅಪ್ಪ ಹೇಳಿದರು, ಮಗಳು ಮಾಡಿದಳು.

ತಂದೆಯವರು ಮಗಳನ್ನೂ ಹೊಗೆಯನ್ನೂ ನೋಡಿ, ನಿಜವಾದ ಆಶ್ಚರ್ಯದಿಂದ ಕೇಳಿದರು: "ಕೂಗೋ ಗಾಲಿಗೆ ಎಣ್ಣೆ ಆಕುದ್ರೆ ತಪ್ಪಾ?"

ಆಮೇಲೆ ಎಲ್ಲವೂ ಹೊರಬಿತ್ತು. ಮಾವ ಮುಂಜಾನೆ ಹೊಳೆಗೆ ಸ್ನಾನಕ್ಕೆ ಹೋದಾಗ, ತಂದೆಯವರು ಕೋಳಿಪುಕ್ಕವನ್ನು ಕೀಲೆಣ್ಣೆಯಲ್ಲಿ ಅದ್ದಿ, ಡ್ರಮ್ಮಿನ ಹಿಂಭಾಗದ ಸಂದಿನೊಳಗೆ ತೂರಿಸಿ, ಚಕ್ರ ಚಕ್ರಕ್ಕೂ ಧಾರಾಳವಾಗಿ ಸವರುತ್ತಿದ್ದರು. ಕೂಗು ನಿಂತದ್ದು ಅದರಿಂದ. ತಾವು ಮಾಡಿದ ಕೆಲಸವನ್ನು ಮಾವ ತಮ್ಮದೆಂದು ಹೇಳಿಕೊಂಡಾಗ, ಈತ ಸುಳ್ಳನೆಂಬುದು ತಂದೆಯವರಿಗೆ ಖಚಿತವಾಯಿತು. ಇನ್ನೂ ಏನೇನು ಸುಳ್ಳು ಹೇಳುತ್ತಾನೋ ನೋಡೋಣವೆಂದು ಗುಟ್ಟಾಗಿಟ್ಟರು. ಗಾಡಿಯ ಗಾಲಿ ಓಡುವುದಕ್ಕಾಗಿ ಇರುವುದು, ಬ್ರೇಕು ಉಜ್ಜಿ ನಿಲ್ಲಿಸುವುದಕ್ಕಾಗಿ ಇರುವುದು ಎಂಬ ಭೇದ ಅವರಿಗೆ ಹೊಳೆದೇ ಇರಲಿಲ್ಲ. ಲೈನರು ಎಣ್ಣೆ ಕುಡಿದು, ಬಿಸಿಗೆ ಸುಟ್ಟು, ಕಪ್ಪಾಗಿ ಕುಳಿತಿತ್ತು.

ಸಿಂಗ್ರಿಗೌಡರು ವಲ್ಲಿ ಕೊಡವಿ ಎದ್ದರು. "ಚೌಡೇಗೌಡ, ಎತ್ತು ಕೊಂಡ್ಕಂಡಾಗ ಯೋಳು. ಅದಕ್ಕೆ ಪೆಟ್ರೋಲು ನಾನು ಕುಡಿಸ್ತೀನಿ."

ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮಾವ ಉಳಿದ ಲೈನರುಗಳನ್ನೂ ಸುಟ್ಟು, ಎಣ್ಣೆ ಪೂರ್ತಿ ಬಿಡುವವರೆಗೆ ಕಾದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಿಕ್ಕಿ ಮಣ್ಣುಬಣ್ಣ ಬರಿಸಿದರು. ಡ್ರಮ್ಮುಗಳನ್ನು ಪೆಟ್ರೋಲಿನಿಂದ ತೊಳೆದರು. ಅವೇ ಲೈನರುಗಳನ್ನು ಮತ್ತೆ ಜೋಡಿಸಿ, ಕಾರನ್ನು ಬೀದಿಯ ಕೊನೆಯವರೆಗೆ ಓಡಿಸಿ ಹಿಂದಿರುಗಿ, ನಮ್ಮ ಬಾಗಿಲ ಮುಂದೆ ಜೋರಾಗಿ ಬ್ರೇಕು ಹಾಕಿದರು. ಕಾರು ನಿಂತಿತು, ಊರಿಗೆಲ್ಲ ಕೇಳುವಂತೆ ಕೂಗಿಯೇ ನಿಂತಿತು.

ಬೀಗದ ಕೈಯನ್ನು ಅವರು ತಂದೆಯವರಿಗೆ ಕೊಡಲಿಲ್ಲ. ನಮ್ಮ ತಾಯಿಯ ಕೈಗೆ ಕೊಟ್ಟರು.

"ಅಕ್ಕಯ್ಯ, ಲೈನರು ಇನ್ನೂ ಬಾಳ್ತವೆ, ಬಿಸಾಕಬೇಡಿ. ನಾನು ಮಾತ್ರ ಇನ್ನು ಈ ಸ್ಟೇರಿಂಗ್ ಇಡಿಯಾಕಿಲ್ಲ."

"ಉಣ್ಣೋ ಒತ್ತು ಕಣೋ ನಂಜ" ಎಂದರು ತಾಯಿ.

ತಂದೆಯವರು ಕಲ್ಲಿನ ಮೇಲಿದ್ದ ಮಸಿಯನ್ನು ಕಾಲಬೆರಳಿನಿಂದ ಕೆದಕುತ್ತಿದ್ದರು. ತಪ್ಪಾಯಿತೆನ್ನುವ ಮಾತು ಅವರ ಬಾಯಲ್ಲಿ ಎಂದೂ ಬಂದದ್ದಿಲ್ಲ. ಅಂದೂ ಬರಲಿಲ್ಲ. "ಮದ್ವೆ ಮಾತು?" ಎಂದಷ್ಟೇ ಕೇಳಿದರು, ಆ ಧ್ವನಿಯಲ್ಲಿ ಈಗ ಅನುಮಾನದ ಜಾಗಕ್ಕೆ ಭಯ ಬಂದಿತ್ತು. ಇಲ್ಲವೆನ್ನುವ ಹಕ್ಕು ಈಗ ಮಾವನದಾಗಿತ್ತು.

ಮಾವ ಬಾಗಿಲ ಕಡೆ ನೋಡಿದರು. ಜಯ ಒಳಗೆ ಹೋಗಿರಲಿಲ್ಲ.

"ನಿಮ್ಮ ಕಾರು ಬ್ಯಾಡ ಬಾವ. ಈ ಮಗು ಬೇಕು. ನಿಮ್ಮನೇಲಿ ಮೂಗು ನೆಟ್ಟಗಿರೋದು ಇವಳೊಬ್ಬಳಿಗೇ."

ಪೆಟ್ಟಿಗೆ ಎತ್ತಿಕೊಂಡು ಅವರು ಚನ್ನರಾಯಪಟ್ಟಣದ ಬಸ್ಸು ಹಿಡಿಯಲು ನಡೆದರು.

ಆ ಬೇಸಿಗೆಯಲ್ಲಿ ಜಯಳ ಮದುವೆ ಬಾಗೂರಿನಲ್ಲಿ ನಡೆಯಿತು. ಮಾವ ಚನ್ನರಾಯಪಟ್ಟಣದಲ್ಲಿ ಖಾಸಗಿ ಬಸ್ಸೊಂದಕ್ಕೆ ಡ್ರೈವರಾದರು. ತಂದೆಯವರಿಗೆ ಬೇರೆ ಯಾವ ಡ್ರೈವರನ್ನೂ ನಂಬಲಾಗಲಿಲ್ಲವಾದ್ದರಿಂದ ಕಾರನ್ನು ಮಾರಲಾಯಿತು. ನನಗೆ ಅರಕಲಗೂಡಿನ ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಮುಂದೆ ಮನೆ ನಡೆದದ್ದು ನನ್ನ ಸಂಬಳದಿಂದ. ಮಾವ ಹಬ್ಬಕ್ಕೆ ಬಂದು ತಂದೆಯವರ ಪಕ್ಕದಲ್ಲಿಯೇ ಕುಳಿತು ಉಣ್ಣುತ್ತಿದ್ದರು, ಆದರೆ ನಮ್ಮ ಜಗುಲಿಯಲ್ಲಿ ಮತ್ತೆಂದೂ ಮಲಗಲಿಲ್ಲ.